ಹೃದಯದ ಬಾಗಿಲುಗಳು ಮುಚ್ಚುವ ಸದ್ದು

ಮಲಗಿರುವ ಮಗುವಿನ ಎದೆಗೆ ಕಿವಿಯಿಟ್ಟು ಒಂದು ನಿಮಿಷ ಆಲಿಸಿರಿ. ಒಂದರ ಹಿಂದೆ ಒಂದರಂತೆ ಎರಡು ಸದ್ದುಗಳು ಕೇಳಿಬರುತ್ತವೆ. ಮೊದಲನೆಯದು ಮಂದವಾದ, ತುಸು ಉದ್ದನೆಯ ‘ಲಬ್’. ಎರಡನೆಯದು ಚುರುಕಾದ, ಗಿಡ್ಡನೆಯ ‘ಡಬ್’. ಅನಂತರ ಚಿಕ್ಕದೊಂದು ವಿರಾಮ. ಮತ್ತೆ ಅದೇ ಜೋಡಿ ಸದ್ದು. ತಾಯಿಯ ಗರ್ಭದಲ್ಲಿಯೇ ಆರಂಭವಾದ ಈ ಬಡಿತವು ಜೀವವಿರುವ ತನಕ ನಿಲ್ಲುವುದಿಲ್ಲ. ನಿಮಿಷಕ್ಕೆ 72 ಬಾರಿಯಂತೆ ಲೆಕ್ಕ ಹಾಕಿದರೆ ವಯಸ್ಕರ ಹೃದಯವು ದಿನಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಬಾರಿ ಬಡಿಯುತ್ತದೆ.

ಹೃದಯವು ಎದೆಗೂಡಿಗೆ ತಾಕುವುದರಿಂದ ಈ ಸದ್ದು ಹುಟ್ಟುತ್ತದೆಂದು ಅನೇಕರು ಭಾವಿಸುವುದುಂಟು. ಇದು ಸರಿಯಲ್ಲ. ನಾವು ಕೇಳುವುದು ಮುಖ್ಯವಾಗಿ ಹೃದಯದ ಒಳಗಿನ ಬಾಗಿಲುಗಳು ಮುಚ್ಚಿಕೊಳ್ಳುವ ಸದ್ದನ್ನು. ಬಾಗಿಲು ಸರಿಯಾಗಿದ್ದರೆ ಸದ್ದೂ ಶುದ್ಧವಾಗಿರುತ್ತದೆ. ಬಾಗಿಲು ಕೆಟ್ಟರೆ ಸದ್ದು ಬದಲಾಗುತ್ತದೆ. ಈ ಬಾಗಿಲುಗಳು ಕೆಡುವುದಕ್ಕೆ ನಮ್ಮ ದೇಶದಲ್ಲಿ ಇಂದಿಗೂ ಒಂದು ಮುಖ್ಯ ಕಾರಣವೆಂದರೆ ಬಾಲ್ಯದಲ್ಲಿ ಅಲಕ್ಷಿಸಿದ ಗಂಟಲು ನೋವು. ಆದುದರಿಂದ ಈ ಸದ್ದಿನ ವಿಚಾರವನ್ನು ವೈದ್ಯರು ಮಾತ್ರವಲ್ಲ, ಮನೆಮನೆಯ ತಾಯಿತಂದೆಯರೂ ತಿಳಿದಿರುವುದು ಒಳ್ಳೆಯದು.

ನಾಲ್ಕು ಕೋಣೆಗಳು, ನಾಲ್ಕು ಬಾಗಿಲುಗಳು

ಹೃದಯವು ಹೆಚ್ಚುಕಡಿಮೆ ಮುಷ್ಟಿಯಷ್ಟು ಗಾತ್ರದ, ಮಾಂಸಖಂಡದಿಂದಾದ ಅಂಗ. ಅದರಲ್ಲಿ ನಾಲ್ಕು ಕೋಣೆಗಳಿವೆ. ಮೇಲಿನ ಎರಡಕ್ಕೆ ಹೃತ್ಕರ್ಣಗಳೆಂದೂ ಕೆಳಗಿನ ಎರಡಕ್ಕೆ ಹೃತ್ಕುಕ್ಷಿಗಳೆಂದೂ ಹೆಸರು. ದೇಹದಿಂದ ಮರಳಿ ಬಂದ ರಕ್ತವು ಬಲ ಹೃತ್ಕರ್ಣವನ್ನು ಸೇರಿ, ಅಲ್ಲಿಂದ ಬಲ ಹೃತ್ಕುಕ್ಷಿಗೆ ಇಳಿದು, ಶ್ವಾಸಕೋಶಗಳಿಗೆ ಹೋಗುತ್ತದೆ. ಅಲ್ಲಿ ಆಮ್ಲಜನಕವನ್ನು ಪಡೆದ ರಕ್ತವು ಎಡ ಹೃತ್ಕರ್ಣಕ್ಕೆ ಬಂದು, ಎಡ ಹೃತ್ಕುಕ್ಷಿಗೆ ಇಳಿದು, ಮಹಾಪಧಮನಿಯ ಮೂಲಕ ಇಡೀ ದೇಹಕ್ಕೆ ಹರಡುತ್ತದೆ.

ರಕ್ತವು ಮುಂದಕ್ಕೆ ಮಾತ್ರ ಹರಿಯಬೇಕು, ಹಿಂದಕ್ಕೆ ಬರಕೂಡದು. ಅದಕ್ಕಾಗಿ ನಾಲ್ಕು ಕವಾಟಗಳಿವೆ. ಹೃತ್ಕರ್ಣ ಮತ್ತು ಹೃತ್ಕುಕ್ಷಿಗಳ ನಡುವೆ ಬಲಭಾಗದಲ್ಲಿ ಮೂರು ಎಸಳಿನ ತ್ರಿದಳ ಕವಾಟವೂ ಎಡಭಾಗದಲ್ಲಿ ಎರಡು ಎಸಳಿನ ದ್ವಿದಳ ಕವಾಟವೂ ಇವೆ. ಹೃತ್ಕುಕ್ಷಿಗಳಿಂದ ರಕ್ತವು ಹೊರಹೋಗುವ ಎರಡು ದ್ವಾರಗಳಲ್ಲಿ, ಎಂದರೆ ಮಹಾಪಧಮನಿಯ ಮತ್ತು ಶ್ವಾಸಕೋಶದ ಅಪಧಮನಿಯ ಬುಡದಲ್ಲಿ, ಅರ್ಧಚಂದ್ರಾಕಾರದ ಎಸಳುಗಳುಳ್ಳ ಒಂದೊಂದು ಕವಾಟವಿದೆ.

ಬಾವಿಯ ಪಂಪಿನ ಕೊಳವೆಯ ತುದಿಯಲ್ಲಿ ಫುಟ್‌ವಾಲ್ವ್ ಇರುವುದನ್ನು ನೀವು ನೋಡಿರಬಹುದು. ನೀರು ಮೇಲೇರುವಾಗ ಅದು ತೆರೆಯುತ್ತದೆ. ಏರಿದ ನೀರು ಕೆಳಗಿಳಿಯಲು ಹವಣಿಸಿದೊಡನೆ ಆ ನೀರಿನ ಭಾರಕ್ಕೇ ಮುಚ್ಚಿಕೊಳ್ಳುತ್ತದೆ. ಕಮ್ಮಾರನ ತಿದಿಯೊಳಗಿನ ತೊಗಲಿನ ಮುಚ್ಚಳವೂ ಹೀಗೆಯೇ ಕೆಲಸ ಮಾಡುತ್ತದೆ. ಹೃದಯದ ಕವಾಟಗಳೂ ಅಷ್ಟೆ. ಅವುಗಳನ್ನು ಎಳೆದು ತೆರೆಯುವವರಾಗಲಿ ತಳ್ಳಿ ಮುಚ್ಚುವವರಾಗಲಿ ಇಲ್ಲ. ಹಿಂದಿನ ಒತ್ತಡ ಹೆಚ್ಚಾದಾಗ ತೆರೆಯುತ್ತವೆ, ಮುಂದಿನ ಒತ್ತಡ ಹೆಚ್ಚಾದಾಗ ಮುಚ್ಚುತ್ತವೆ.

ದ್ವಿದಳ ಮತ್ತು ತ್ರಿದಳ ಕವಾಟಗಳ ಅಂಚುಗಳನ್ನು ದಾರದಂಥ ಗಟ್ಟಿಯಾದ ಎಳೆಗಳು ಹೃತ್ಕುಕ್ಷಿಯ ಗೋಡೆಯ ಸ್ನಾಯುಗಳಿಗೆ ಬಿಗಿದಿರುತ್ತವೆ. ಬಿರುಗಾಳಿಗೆ ಕೊಡೆಯು ಮೇಲ್ಮುಖವಾಗಿ ಮಗುಚಿಕೊಳ್ಳುವಂತೆ ಈ ಎಸಳುಗಳು ರಕ್ತದ ರಭಸಕ್ಕೆ ಹೃತ್ಕರ್ಣದ ಕಡೆಗೆ ಮಗುಚದಂತೆ ಆ ಎಳೆಗಳು ತಡೆಹಿಡಿಯುತ್ತವೆ.

ಸದ್ದು ಹುಟ್ಟುವ ಬಗೆ

ಹೃತ್ಕುಕ್ಷಿಗಳು ಸಂಕುಚಿಸತೊಡಗಿದೊಡನೆ ಅವುಗಳೊಳಗಿನ ಒತ್ತಡ ಏರುತ್ತದೆ. ರಕ್ತವು ಬಂದ ದಾರಿಯಲ್ಲಿಯೇ ಹಿಂದಿರುಗಲು ನೋಡುತ್ತದೆ. ಆ ಕ್ಷಣದಲ್ಲಿಯೇ ದ್ವಿದಳ ಮತ್ತು ತ್ರಿದಳ ಕವಾಟಗಳು ಮುಚ್ಚಿಕೊಂಡು ಬಿಗಿಯಾಗುತ್ತವೆ. ಇದು ‘ಲಬ್’. ಅನಂತರ ಹೊರದ್ವಾರಗಳು ತೆರೆದು ರಕ್ತವು ಅಪಧಮನಿಗಳಿಗೆ ನುಗ್ಗುತ್ತದೆ. ಹೃತ್ಕುಕ್ಷಿಗಳು ಸಡಿಲಗೊಂಡಾಗ, ಅಪಧಮನಿಗಳಿಗೆ ಹೋದ ರಕ್ತವು ಹಿಂದಕ್ಕೆ ಬರಲು ನೋಡುತ್ತದೆ. ಕೂಡಲೇ ಅರ್ಧಚಂದ್ರ ಕವಾಟಗಳು ಮುಚ್ಚಿಕೊಳ್ಳುತ್ತವೆ. ಇದು ‘ಡಬ್’.

ಇಲ್ಲೊಂದು ಸೂಕ್ಷ್ಮವಿದೆ. ಎರಡು ಎಸಳುಗಳು ಪರಸ್ಪರ ತಾಗಿದ್ದರಿಂದಲೇ ಇಷ್ಟು ಸದ್ದು ಆಗುವುದಿಲ್ಲ. ಅವು ತೀರ ತೆಳುವಾದ, ಮೃದುವಾದ ಪೊರೆಗಳು. ಒಗೆದ ಸೀರೆಯನ್ನು ಇಬ್ಬರು ಎರಡು ತುದಿಗಳಲ್ಲಿ ಹಿಡಿದು ಒಮ್ಮೆಲೇ ಜಗ್ಗಿದಾಗ ‘ಫಟ್’ ಎಂದು ಸದ್ದಾಗುತ್ತದೆ. ಬಟ್ಟೆಗೆ ಬೇರೇನೂ ಬಡಿದಿಲ್ಲ. ಸಡಿಲವಾಗಿದ್ದುದು ಹಠಾತ್ತನೆ ಬಿಗಿಯಾಯಿತು, ಅಷ್ಟೆ. ಅಂತೆಯೇ ಮುಚ್ಚಿದ ಕವಾಟವು ಬಿಗಿಯಾದೊಡನೆ ಅದಕ್ಕೆ ಒತ್ತಿಕೊಂಡ ರಕ್ತವು ತಟ್ಟನೆ ನಿಲ್ಲುತ್ತದೆ. ಆಗ ಕವಾಟ, ರಕ್ತ, ಹೃದಯದ ಗೋಡೆ ಎಲ್ಲವೂ ಒಟ್ಟಿಗೆ ಕಂಪಿಸುತ್ತವೆ. ಆ ಕಂಪನವು ಎದೆಯ ಗೋಡೆಯನ್ನು ದಾಟಿ ನಮ್ಮ ಕಿವಿಯನ್ನು ಮುಟ್ಟುತ್ತದೆ. ಆರೋಗ್ಯವಂತ ಕವಾಟವು ತೆರೆಯುವಾಗ ಸದ್ದಾಗುವುದಿಲ್ಲವೆಂಬುದನ್ನೂ ಗಮನಿಸಬೇಕು.

ನಿಮಿಷಕ್ಕೆ 72 ಬಡಿತಗಳಿದ್ದಾಗ ಒಂದು ಬಡಿತಕ್ಕೆ ಸುಮಾರು 0.8 ಸೆಕೆಂಡು ಹಿಡಿಯುತ್ತದೆ. ‘ಲಬ್’ನಿಂದ ‘ಡಬ್’ಗೆ ಸುಮಾರು 0.3 ಸೆಕೆಂಡು, ಇದು ಹೃತ್ಕುಕ್ಷಿಗಳು ರಕ್ತವನ್ನು ಹೊರದೂಡುವ ಕಾಲ. ‘ಡಬ್’ನಿಂದ ಮುಂದಿನ ‘ಲಬ್’ಗೆ ಸುಮಾರು 0.5 ಸೆಕೆಂಡು, ಇದು ಹೃತ್ಕುಕ್ಷಿಗಳು ತುಂಬಿಕೊಳ್ಳುವ ಕಾಲ. ಓಡಿದಾಗಲೋ ಜ್ವರ ಬಂದಾಗಲೋ ಬಡಿತ ಹೆಚ್ಚಿದರೆ ಮುಖ್ಯವಾಗಿ ಕಡಿಮೆಯಾಗುವುದು ಈ ಎರಡನೆಯ ಅವಧಿ. ಈ ಮಾತನ್ನು ನೆನಪಿನಲ್ಲಿಡಿ. ಗರ್ಭಿಣಿಯರ ವಿಚಾರದಲ್ಲಿ ಇದು ಮತ್ತೆ ಬರುತ್ತದೆ.

ಆಲಿಸುವ ನಳಿಗೆ ಬಂದ ಕಥೆ

ಹಿಂದೆ ಯೂರೋಪಿನ ವೈದ್ಯರು ರೋಗಿಯ ಎದೆಗೆ ನೇರವಾಗಿ ಕಿವಿಯಿಟ್ಟು ಕೇಳುತ್ತಿದ್ದರು. 1816ರಲ್ಲಿ ಪ್ಯಾರಿಸ್ ನಗರದ ನೆಕ್ಕರ್ ಆಸ್ಪತ್ರೆಯ ವೈದ್ಯ ಲೆನೆಕ್ ಅವರ ಬಳಿಗೆ ಹೃದಯದ ಕಾಯಿಲೆಯ ಲಕ್ಷಣಗಳಿದ್ದ ಯುವತಿಯೊಬ್ಬಳು ಬಂದಳು. ಆಕೆಯ ಎದೆಗೆ ಕಿವಿಯಿಡುವುದು ಅವರಿಗೆ ಉಚಿತವೆನಿಸಲಿಲ್ಲ. ಕಾಗದಗಳನ್ನು ಬಿಗಿಯಾಗಿ ಸುತ್ತಿ ನಳಿಗೆ ಮಾಡಿ, ಒಂದು ತುದಿಯನ್ನು ಎದೆಗೂ ಇನ್ನೊಂದನ್ನು ಕಿವಿಗೂ ಇಟ್ಟರು. ನೇರವಾಗಿ ಕಿವಿಯಿಟ್ಟಾಗಿಗಿಂತಲೂ ಸದ್ದು ಸ್ಪಷ್ಟವಾಗಿ ಕೇಳಿಸಿತು. ಮುಂದೆ ಅವರು ಮರದ ನಳಿಗೆಯನ್ನು ಮಾಡಿ, 1819ರಲ್ಲಿ ಆ ಕುರಿತು ಗ್ರಂಥವನ್ನು ಪ್ರಕಟಿಸಿದರು. ಇಂದಿನ ಸ್ಟೆತಸ್ಕೋಪಿಗೆ ಅದೇ ಮೂಲ. ಎರಡೂ ಕಿವಿಗಳಿಗೆ ಇಟ್ಟುಕೊಳ್ಳುವ ಸ್ಟೆತಸ್ಕೋಪುಗಳು 1850ರ ದಶಕದ ಆರಂಭದಲ್ಲಿ ಬಂದವು.

ಸದ್ದನ್ನು ಅಷ್ಟು ಚೆನ್ನಾಗಿ ಕೇಳಿದ ಲೆನೆಕ್ ಅವರೂ ಅದರ ಕಾರಣವನ್ನು ಊಹಿಸುವಲ್ಲಿ ಎಡವಿದರು. ಎರಡನೆಯ ಸದ್ದು ಹೃತ್ಕರ್ಣಗಳ ಸಂಕೋಚನದಿಂದ ಬರುತ್ತದೆಂದು ಅವರು ಭಾವಿಸಿದ್ದರು. ಕವಾಟಗಳು ಮುಚ್ಚಿಕೊಳ್ಳುವುದೇ ಎರಡೂ ಸದ್ದುಗಳಿಗೆ ಕಾರಣವೆಂದು 1832ರಲ್ಲಿ ಪ್ಯಾರಿಸಿನಲ್ಲಿಯೇ ರುವಾನೆ ಎಂಬ ವೈದ್ಯರು ಪ್ರತಿಪಾದಿಸಿದರು. ಕಾಲಕ್ರಮದಲ್ಲಿ ಆ ಅಭಿಪ್ರಾಯವೇ ನೆಲೆನಿಂತಿತು.

ವೈದ್ಯರು ನಾಲ್ಕು ಕಡೆ ಕೇಳುವುದೇಕೆ?

ವೈದ್ಯರು ಎದೆಯ ಮೇಲೆ ಸ್ಟೆತಸ್ಕೋಪನ್ನು ಒಂದೇ ಕಡೆ ಇಡದೆ ಹಲವೆಡೆ ಸರಿಸುತ್ತಾರೆ. ಪ್ರತಿಯೊಂದು ಕವಾಟದ ಸದ್ದೂ ರಕ್ತವು ಹರಿಯುವ ದಿಕ್ಕಿನಲ್ಲಿ ಸಾಗಿ, ಎದೆಯ ಒಂದೊಂದು ಭಾಗದಲ್ಲಿ ಚೆನ್ನಾಗಿ ಕೇಳಿಸುತ್ತದೆ. ದ್ವಿದಳ ಕವಾಟದ್ದು ಎಡ ಸ್ತನದ ಕೆಳಗೆ, ಐದನೆಯ ಮತ್ತು ಆರನೆಯ ಪಕ್ಕೆಲುಬುಗಳ ನಡುವೆ. ತ್ರಿದಳ ಕವಾಟದ್ದು ಎದೆಮೂಳೆಯ ಕೆಳತುದಿಯ ಎಡ ಅಂಚಿನಲ್ಲಿ. ಮಹಾಪಧಮನಿಯ ಕವಾಟದ ಸದ್ದನ್ನು ಎದೆಮೂಳೆಯ ಬಲಕ್ಕೂ ಶ್ವಾಸಕೋಶದ ಅಪಧಮನಿಯ ಕವಾಟದ ಸದ್ದನ್ನು ಎಡಕ್ಕೂ, ಎರಡನೆಯ ಮತ್ತು ಮೂರನೆಯ ಪಕ್ಕೆಲುಬುಗಳ ನಡುವೆ ಆಲಿಸುತ್ತಾರೆ.

ಕೆಲವೊಮ್ಮೆ ವೈದ್ಯರು “ಉಸಿರು ಎಳೆದುಕೊಳ್ಳಿ” ಎನ್ನುತ್ತಾರೆ. ಉಸಿರೆಳೆದಾಗ ಹೃದಯದ ಬಲಭಾಗಕ್ಕೆ ಹೆಚ್ಚು ರಕ್ತ ಬರುತ್ತದೆ. ಆದುದರಿಂದ ಆ ಕಡೆಯ ಹೊರದ್ವಾರ ತುಸು ತಡವಾಗಿ ಮುಚ್ಚಿ, ‘ಡಬ್’ ಎಂಬುದು ಎರಡಾಗಿ ಒಡೆದು ಕೇಳಿಸುತ್ತದೆ. ಉಸಿರು ಬಿಟ್ಟಾಗ ಮತ್ತೆ ಒಂದಾಗುತ್ತದೆ. ಇದು ಸಹಜ. ಉಸಿರು ಬಿಟ್ಟಾಗಲೂ ಅದು ಅಷ್ಟೇ ಅಂತರದಲ್ಲಿ ಒಡೆದೇ ಇದ್ದರೆ ಹೃತ್ಕರ್ಣಗಳ ನಡುಗೋಡೆಯಲ್ಲಿ ರಂಧ್ರವಿರಬಹುದೆಂದು ವೈದ್ಯರು ಶಂಕಿಸುತ್ತಾರೆ.

ಮರ್ಮರ ಶಬ್ದ

ಕಾಲುವೆಯಲ್ಲಿ ನೀರು ತಡೆಯಿಲ್ಲದೆ ಹರಿಯುವಾಗ ಸದ್ದಾಗುವುದಿಲ್ಲ. ಕಿಂಡಿ ಕಿರಿದಾದರೆ, ಇಲ್ಲವೆ ಬಿರುಕಿನಿಂದ ನೀರು ಚಿಮ್ಮಿದರೆ, ಹರಿವು ಕದಡಿ ಸದ್ದು ಮಾಡುತ್ತದೆ. ಹೃದಯದಲ್ಲಿ ರಕ್ತದ ಹರಿವು ಹೀಗೆ ಕದಡಿದಾಗ ಬರುವ ಸದ್ದಿಗೆ ಮರ್ಮರವೆಂದು ಹೆಸರು.

ಕವಾಟವು ಎರಡು ಬಗೆಯಲ್ಲಿ ಕೆಡುತ್ತದೆ. ಎಸಳುಗಳು ದಪ್ಪವಾಗಿ, ಅಂಚುಗಳು ಬೆಸೆದುಕೊಂಡು ಬಾಗಿಲು ಪೂರ್ತಿ ತೆರೆಯದಿರುವುದು ಒಂದು. ಎಸಳುಗಳು ಮುದುಡಿ ಬಾಗಿಲು ಪೂರ್ತಿ ಮುಚ್ಚದೆ ರಕ್ತ ಸೋರುವುದು ಇನ್ನೊಂದು. ದ್ವಿದಳ ಕವಾಟವು ಕಿರಿದಾಗಿದ್ದರೆ, ಅದು ತೆರೆದಿರಬೇಕಾದ ಕಾಲದಲ್ಲಿ, ಎಂದರೆ ‘ಡಬ್’ ಆದ ಮೇಲಿನ ವಿರಾಮದಲ್ಲಿ, ದೂರದ ಗುಡುಗಿನಂಥ ಮಂದ ಸದ್ದು ಕೇಳುತ್ತದೆ. ಅದೇ ಕವಾಟ ಸೋರುತ್ತಿದ್ದರೆ, ಅದು ಮುಚ್ಚಿರಬೇಕಾದ ಕಾಲದಲ್ಲಿ, ಎಂದರೆ ‘ಲಬ್’ ಮತ್ತು ‘ಡಬ್’ಗಳ ನಡುವೆ, ಊದಿದಂಥ ಸದ್ದು ಕೇಳುತ್ತದೆ. ಹೀಗೆ ಮರ್ಮರವು ಯಾವಾಗ ಬರುತ್ತದೆ, ಎಲ್ಲಿ ಜೋರಾಗಿ ಕೇಳುತ್ತದೆ ಎಂಬುದರಿಂದ ಯಾವ ಬಾಗಿಲು ಹೇಗೆ ಕೆಟ್ಟಿದೆಯೆಂದು ಊಹಿಸಬಹುದು. ಅನಂತರ ಎಕೋ ಪರೀಕ್ಷೆಯಿಂದ ಅದನ್ನು ಖಚಿತಪಡಿಸಿಕೊಳ್ಳುತ್ತಾರೆ. ಶಬ್ದತರಂಗಗಳಿಂದ ಹೃದಯದ ಚಿತ್ರವನ್ನು ತೋರಿಸುವ ಈ ಪರೀಕ್ಷೆಯಲ್ಲಿ ನೋವಿಲ್ಲ.

ಮರ್ಮರವಿದೆಯೆಂದು ವೈದ್ಯರು ಹೇಳಿದ ಮಾತ್ರಕ್ಕೆ ತಾಯಂದಿರು ಎದೆಗುಂದಬೇಕಾಗಿಲ್ಲ. ಪೂರ್ಣ ಆರೋಗ್ಯವಂತರಾದ ಅನೇಕ ಮಕ್ಕಳಲ್ಲಿ ನಿರುಪದ್ರವಿಯಾದ ಮರ್ಮರ ಕೇಳಿಬರುತ್ತದೆ. ಜ್ವರ ಮತ್ತು ರಕ್ತಹೀನತೆಯಿಂದಲೂ ಬರಬಹುದು. ಆದರೆ ಅದು ನಿರುಪದ್ರವಿಯೋ ಅಲ್ಲವೋ ಎಂದು ತೀರ್ಮಾನಿಸಬೇಕಾದವರು ವೈದ್ಯರು. ಮುಂದಿನ ಪರೀಕ್ಷೆಗೆ ಬರಹೇಳಿದರೆ ತಪ್ಪಿಸಬಾರದು.

ಗಂಟಲಿನಿಂದ ಹೃದಯಕ್ಕೆ

ಮಕ್ಕಳಿಗೆ ಬರುವ ಗಂಟಲು ನೋವಿನಲ್ಲಿ ಹೆಚ್ಚಿನವು ತಾವಾಗಿಯೇ ವಾಸಿಯಾಗುವಂಥವು. ಆದರೆ ಕೆಲವು ಸ್ಟ್ರೆಪ್ಟೊಕಾಕಸ್ ಎಂಬ ರೋಗಾಣುವಿನಿಂದ ಬರುತ್ತವೆ. ಮಗುವಿಗೆ ಜ್ವರ ಬರುತ್ತದೆ, ನುಂಗಲು ನೋವಾಗುತ್ತದೆ, ದವಡೆಯ ಕೆಳಗೆ ಗಂಟುಗಳು ಊದಿ ಮುಟ್ಟಿದರೆ ನೋಯುತ್ತವೆ. ನಾಲ್ಕಾರು ದಿನಗಳಲ್ಲಿ ನೋವು ಇಳಿದು ಮಗು ಆಟಕ್ಕೆ ಹೊರಡುತ್ತದೆ. ಮನೆಯವರು ಅದನ್ನು ಮರೆತುಬಿಡುತ್ತಾರೆ.

ಎರಡು ಮೂರು ವಾರಗಳ ಅನಂತರ ಕೆಲವು ಮಕ್ಕಳಲ್ಲಿ ಮತ್ತೆ ಜ್ವರ ಕಾಣಿಸಿಕೊಂಡು, ಮೊಣಕಾಲು, ಹರಡು, ಮೊಣಕೈಗಳು ಊದಿಕೊಂಡು ನೋಯುತ್ತವೆ. ಒಂದು ಕೀಲಿನ ನೋವು ಇಳಿಯುವಷ್ಟರಲ್ಲಿ ಇನ್ನೊಂದು ಕೀಲಿಗೆ ಹತ್ತುತ್ತದೆ. ಇದೇ ಸಂಧಿವಾತ ಜ್ವರ. ವೈದ್ಯರು ಇದನ್ನು ರುಮ್ಯಾಟಿಕ್ ಜ್ವರ ಎನ್ನುತ್ತಾರೆ. 5ರಿಂದ 15 ವರ್ಷದ ಮಕ್ಕಳಲ್ಲಿ ಇದು ಹೆಚ್ಚು. ರೋಗಾಣುವಿನ ವಿರುದ್ಧ ಹೋರಾಡಲು ದೇಹವು ಸಜ್ಜುಗೊಳಿಸಿದ ರಕ್ಷಣಾಶಕ್ತಿಯೇ ತಪ್ಪಾಗಿ ಸ್ವಂತ ಅಂಗಗಳ ಮೇಲೆ ತಿರುಗುವುದು ಇದಕ್ಕೆ ಕಾರಣ. ಕೀಲುಗಳು ಪೂರ್ತಿ ವಾಸಿಯಾಗುತ್ತವೆ. ಆದರೆ ಹೃದಯದ ಕವಾಟಗಳಿಗೆ ಆದ ಗಾಯ ಮಾಯುವಾಗ ಎಸಳುಗಳು ದಪ್ಪವಾಗಿ ಬೆಸೆದುಕೊಳ್ಳಬಹುದು. ಹೆಚ್ಚಾಗಿ ಕೆಡುವುದು ದ್ವಿದಳ ಕವಾಟ; ಅದರ ಅನಂತರ ಮಹಾಪಧಮನಿಯ ಕವಾಟ. ಪ್ರತಿ ಸಲ ಜ್ವರ ಮರುಕಳಿಸಿದಾಗಲೂ ಹಾನಿ ಬೆಳೆಯುತ್ತದೆ.

ಇದನ್ನು ತಡೆಯುವ ಉಪಾಯ ಸರಳವಾದುದು. ಜ್ವರದೊಡನೆ ಗಂಟಲು ನೋವು ಬಂದರೆ ಮಗುವನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆತನ್ನಿ. ಸ್ಟ್ರೆಪ್ಟೊಕಾಕಸ್ ಇರಬಹುದೆಂದು ವೈದ್ಯರಿಗೆ ತೋರಿದರೆ ಪೆನಿಸಿಲಿನ್ ಕೊಡುತ್ತಾರೆ. ಗಂಟಲು ನೋವು ಆರಂಭವಾದ 9 ದಿನಗಳೊಳಗೆ ಕೊಟ್ಟರೂ ಸಂಧಿವಾತ ಜ್ವರವನ್ನು ತಡೆಯಬಹುದು. ಗುಳಿಗೆ ಕೊಟ್ಟಿದ್ದರೆ, ನೋವು ಇಳಿಯಿತೆಂದು ಮಧ್ಯದಲ್ಲಿ ನಿಲ್ಲಿಸಬಾರದು. ಹಿಂದೆ ಪೆನಿಸಿಲಿನ್‌ನಿಂದ ತೊಂದರೆಯಾಗಿದ್ದರೆ ಮೊದಲೇ ತಿಳಿಸಬೇಕು.

ಒಮ್ಮೆ ಸಂಧಿವಾತ ಜ್ವರ ಬಂದ ಮಗುವಿಗೆ ಸಾಮಾನ್ಯವಾಗಿ ಮೂರು ಅಥವಾ ನಾಲ್ಕು ವಾರಗಳಿಗೊಮ್ಮೆ, ಹಲವು ವರ್ಷಗಳ ಕಾಲ, ಪೆನಿಸಿಲಿನ್ ಚುಚ್ಚುಮದ್ದನ್ನು ಕೊಡಿಸಬೇಕಾಗುತ್ತದೆ. ಚುಚ್ಚಿದ ಜಾಗ ನೋಯುತ್ತದೆ, ಮಗು ಅಳುತ್ತದೆ, ಕೂಲಿ ತಪ್ಪುತ್ತದೆ, ಮಗು ಚೆನ್ನಾಗಿಯೇ ಇರುವಂತೆ ಕಾಣುತ್ತದೆ. ಈ ಕಾರಣಗಳಿಂದ ಅನೇಕರು ನಡುವೆ ಕೈಬಿಡುತ್ತಾರೆ. ಚುಚ್ಚುಮದ್ದು ಇಂದಿನ ನೋವಿಗಾಗಿ ಅಲ್ಲ, ಮುಂದಿನ ಐವತ್ತು ವರ್ಷ ಆ ಬಾಗಿಲುಗಳು ಸರಿಯಾಗಿ ಮುಚ್ಚುವುದಕ್ಕಾಗಿ ಎಂಬುದನ್ನು ಮರೆಯಬಾರದು. ಯಾವಾಗ ನಿಲ್ಲಿಸಬೇಕೆಂಬುದನ್ನು ವೈದ್ಯರೇ ಹೇಳಬೇಕು.

ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಲ್ಲಿ 2013ರಿಂದ ನಡೆದುಬಂದಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಮಕ್ಕಳ ಹೃದಯವನ್ನೂ ಪರೀಕ್ಷಿಸಲಾಗುತ್ತದೆ. ವೈದ್ಯರ ತಂಡ ಬಂದ ದಿನ ಮಗುವನ್ನು ತಪ್ಪದೆ ಶಾಲೆಗೆ ಕಳುಹಿಸಿರಿ.

ಗರ್ಭಿಣಿಯ ಹೃದಯ

ಬಾಲ್ಯದಲ್ಲಿ ಕೆಟ್ಟ ಕವಾಟವು ಹಲವು ವರ್ಷ ಯಾವ ಸುಳಿವನ್ನೂ ಕೊಡದೆ ಇರಬಹುದು. ಎಷ್ಟೋ ಸಂದರ್ಭಗಳಲ್ಲಿ ಅದು ಮೊದಲು ಬಯಲಾಗುವುದು ಹೆಣ್ಣುಮಗಳು ಗರ್ಭಿಣಿಯಾದಾಗ.

ಇದಕ್ಕೆ ಕಾರಣವನ್ನು ತಿಳಿಯುವುದು ಕಷ್ಟವಲ್ಲ. ಗರ್ಭಿಣಿಯ ದೇಹದಲ್ಲಿ ರಕ್ತದ ಪ್ರಮಾಣವು ಏಳೆಂಟು ತಿಂಗಳ ಹೊತ್ತಿಗೆ ಶೇಕಡಾ 40ರಿಂದ 50ರಷ್ಟು ಹೆಚ್ಚುತ್ತದೆ. ಹೃದಯದ ಬಡಿತವೂ ನಿಮಿಷಕ್ಕೆ 10ರಿಂದ 20ರಷ್ಟು ಏರುತ್ತದೆ. ಬಡಿತ ಏರಿದರೆ ಹೃತ್ಕುಕ್ಷಿ ತುಂಬಿಕೊಳ್ಳುವ ಅವಧಿ ಕಡಿಮೆಯಾಗುತ್ತದೆಂದು ಮೇಲೆ ಹೇಳಿದೆವು. ವಯಸ್ಕರಲ್ಲಿ ದ್ವಿದಳ ಕವಾಟದ ದ್ವಾರ 4ರಿಂದ 6 ಚದರ ಸೆಂಟಿಮೀಟರ್ ಇರುತ್ತದೆ. ಅದು 1.5ಕ್ಕಿಂತ ಕಿರಿದಾಗಿದ್ದರೆ, ಹೆಚ್ಚಿದ ರಕ್ತವು ಕಡಿಮೆಯಾದ ಕಾಲದಲ್ಲಿ ಆ ಕಿರುಕಿಂಡಿಯ ಮೂಲಕ ಇಳಿಯಲಾರದು. ಅದು ಹಿಂದಕ್ಕೆ ಒತ್ತಿ ಶ್ವಾಸಕೋಶಗಳಲ್ಲಿ ನಿಲ್ಲುತ್ತದೆ. ತಾಯಿಗೆ ಏದುಸಿರು ಬರುತ್ತದೆ. ಹೆರಿಗೆಯ ಸಮಯ ಮತ್ತು ಹೆರಿಗೆಯಾದ ಕೂಡಲಿನ ಸಮಯ ಆಕೆಗೆ ವಿಶೇಷವಾಗಿ ಅಪಾಯಕಾರಿ.

ಗರ್ಭಿಣಿಯಾದವಳಿಗೆ ಆಯಾಸ ಸಹಜವೆಂದು ಮನೆಯ ಹಿರಿಯರು ಹೇಳುವುದುಂಟು. ಸ್ವಲ್ಪ ಆಯಾಸ ಸಹಜವೇ ಸರಿ. ಆದರೆ ಅಂಗಾತ ಮಲಗಿದರೆ ಉಸಿರು ಕಟ್ಟುವುದು, ರಾತ್ರಿ ಉಸಿರಿಗಾಗಿ ಎದ್ದು ಕೂರಬೇಕಾಗುವುದು, ಕೆಮ್ಮಿನಲ್ಲಿ ರಕ್ತ ಬೀಳುವುದು, ನಾಲ್ಕು ಹೆಜ್ಜೆ ನಡೆದರೆ ಎದೆ ಹೊಡೆದುಕೊಂಡು ತಲೆ ತಿರುಗುವುದು, ಇವು ಸಹಜವಲ್ಲ. ಇಂಥವರನ್ನು ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಲಕ್ಷಣಗಳಿಗಾಗಿ ಕಾಯದೆ, ಮೊದಲ ತಪಾಸಣೆಯಲ್ಲಿಯೇ ಎದೆಯನ್ನು ಪರೀಕ್ಷಿಸುವಂತೆ ವೈದ್ಯರನ್ನು ಕೇಳಿಕೊಳ್ಳಿರಿ. ಬಾಲ್ಯದಲ್ಲಿ ಕೀಲು ಊದಿ ಜ್ವರ ಬಂದಿದ್ದರೆ ಅದನ್ನು ಮುಚ್ಚಿಡದೆ ಹೇಳಿರಿ. ತಾಯಿ ಕಾರ್ಡಿನಲ್ಲಿ ಬರೆಸಿರಿ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ಪ್ರಕಾರ ಪ್ರತಿ ತಿಂಗಳ 9ನೆಯ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ವೈದ್ಯರು ಗರ್ಭಿಣಿಯರನ್ನು ಉಚಿತವಾಗಿ ಪರೀಕ್ಷಿಸುತ್ತಾರೆ. ಪೆನಿಸಿಲಿನ್ ಚುಚ್ಚುಮದ್ದು ನಡೆಯುತ್ತಿದ್ದರೆ ಗರ್ಭಿಣಿಯಾದೆನೆಂದು ನಿಲ್ಲಿಸಬಾರದು. ಅದರಿಂದ ಮಗುವಿಗೆ ಹಾನಿಯಿಲ್ಲ.

ಕೆಟ್ಟ ಬಾಗಿಲಿಗೆ ಚಿಕಿತ್ಸೆ

ಕಿರಿದಾದ ದ್ವಿದಳ ಕವಾಟವನ್ನು ಎದೆ ಕೊಯ್ಯದೆ ಬಿಡಿಸುವ ವಿಧಾನವನ್ನು ಜಪಾನಿನ ವೈದ್ಯ ಇನೌ ಅವರು 1980ರ ದಶಕದ ಆರಂಭದಲ್ಲಿ ರೂಪಿಸಿದರು. ತೊಡೆಯ ಸಂದಿನ ರಕ್ತನಾಳದ ಮೂಲಕ ಸಣ್ಣ ಬಲೂನನ್ನು ಹೃದಯಕ್ಕೆ ಸೇರಿಸಿ, ಕವಾಟದ ನಡುವೆ ಉಬ್ಬಿಸಿ, ಬೆಸೆದ ಅಂಚುಗಳನ್ನು ಬೇರ್ಪಡಿಸುತ್ತಾರೆ. ಬೆಂಗಳೂರಿನ ಶ್ರೀ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ಈ ಚಿಕಿತ್ಸೆ ದೊರೆಯುತ್ತದೆ. ಅಗತ್ಯವಾದರೆ ಗರ್ಭಿಣಿಯರಿಗೂ ಇದನ್ನು ಮಾಡುವುದುಂಟು.

ರಿಪೇರಿಯಾಗದಷ್ಟು ಕೆಟ್ಟ ಕವಾಟವನ್ನು ತೆಗೆದು ಕೃತಕ ಕವಾಟವನ್ನು ಜೋಡಿಸುತ್ತಾರೆ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯು ನಮ್ಮ ದೇಶದಲ್ಲಿಯೇ ರೂಪಿಸಿದ ಚಿತ್ರಾ ಕವಾಟವನ್ನು 1990ರ ಡಿಸೆಂಬರಿನಲ್ಲಿ ಮೊದಲ ಬಾರಿಗೆ ರೋಗಿಗೆ ಜೋಡಿಸಲಾಯಿತು. ಇಂಥ ಯಾಂತ್ರಿಕ ಕವಾಟಗಳು ಮುಚ್ಚುವಾಗ ಬರುವ ‘ಟಿಕ್’ ಎಂಬ ಸದ್ದು ನಿಶ್ಶಬ್ದವಾದ ರಾತ್ರಿಯಲ್ಲಿ ರೋಗಿಗೇ ಕೇಳಿಸಬಹುದು. ಅದಕ್ಕೆ ಹೆದರಬೇಕಾಗಿಲ್ಲ, ಬಾಗಿಲು ಕೆಲಸ ಮಾಡುತ್ತಿದೆಯೆಂಬುದರ ಗುರುತು ಅದು. ಆದರೆ ಇಂಥವರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧವನ್ನು ಜೀವನಪರ್ಯಂತ ಸೇವಿಸಬೇಕು. ಆ ಔಷಧವು ಗರ್ಭದ ಮಗುವಿಗೆ ತೊಂದರೆ ಕೊಡಬಹುದಾದ್ದರಿಂದ ಮಗು ಬೇಕೆಂದು ಬಯಸುವ ದಂಪತಿಗಳು ಮೊದಲೇ ವೈದ್ಯರ ಸಲಹೆ ಪಡೆಯಬೇಕು. ತಾವಾಗಿಯೇ ಔಷಧವನ್ನು ನಿಲ್ಲಿಸುವುದು ಪ್ರಾಣಾಪಾಯಕರ. ಕವಾಟದ ದೋಷವಿರುವ ಸ್ತ್ರೀಯರು ಯಾವ ಗರ್ಭನಿರೋಧಕ ವಿಧಾನ ತಮಗೆ ಹೊಂದುತ್ತದೆಂಬುದನ್ನೂ ವೈದ್ಯರನ್ನು ಕೇಳಿಯೇ ತೀರ್ಮಾನಿಸಬೇಕು.

ನೆನಪಿಡಬೇಕಾದ ಅಂಶಗಳು

1. ಜ್ವರದೊಡನೆ ಬಂದ ಗಂಟಲು ನೋವನ್ನು ಅಲಕ್ಷಿಸಬೇಡಿ. ಮಗುವನ್ನು ಆರೋಗ್ಯ ಕೇಂದ್ರಕ್ಕೆ ಕರೆತನ್ನಿ.

2. ಕೀಲಿನಿಂದ ಕೀಲಿಗೆ ಹರಿದಾಡುವ ನೋವು ಮತ್ತು ಊತ ಕಂಡರೆ ಹೃದಯವನ್ನು ಪರೀಕ್ಷಿಸಿಸಿ.

3. ಪೆನಿಸಿಲಿನ್ ಚುಚ್ಚುಮದ್ದಿನ ತಾರೀಖನ್ನು ಬರೆದಿಟ್ಟುಕೊಳ್ಳಿ. ಒಂದನ್ನೂ ತಪ್ಪಿಸಬೇಡಿ. ನೆನಪಿಸಲು ಆಶಾ ಕಾರ್ಯಕರ್ತೆಗೆ ಹೇಳಿಡಿ.

4. ಮನೆಯಲ್ಲಿ ಗಾಳಿಬೆಳಕು ಆಡುವಂತಿರಲಿ. ಕಿಕ್ಕಿರಿದ ಕೋಣೆಯಲ್ಲಿ ಗಂಟಲಿನ ಸೋಂಕು ಬೇಗ ಹರಡುತ್ತದೆ.

5. ಗರ್ಭಿಣಿಯರು ಮೊದಲ ತಪಾಸಣೆಯಲ್ಲಿಯೇ ಎದೆಯನ್ನು ಪರೀಕ್ಷಿಸಿಕೊಳ್ಳಲಿ.

6. ಕವಾಟದ ದೋಷವಿರುವವರು ಹಲ್ಲು ಮತ್ತು ವಸಡುಗಳನ್ನು ಶುಚಿಯಾಗಿಡಬೇಕು. ಹಲ್ಲು ಕೀಳಿಸುವ ಮೊದಲು ದಂತವೈದ್ಯರಿಗೆ ತಮ್ಮ ಹೃದಯದ ವಿಚಾರವನ್ನು ತಿಳಿಸಬೇಕು.

ಮುಂದಿನ ಸಲ ವೈದ್ಯರು ನಿಮ್ಮ ಮಗುವಿನ ಎದೆಗೆ ಸ್ಟೆತಸ್ಕೋಪಿಟ್ಟು ಆಲಿಸುವಾಗ ಮಗು ಅಳದಂತೆ ಸಂತೈಸಿ, ಒಂದೆರಡು ನಿಮಿಷ ನೀವೂ ಮೌನವಾಗಿರಿ. ನಾಲ್ಕು ಪುಟ್ಟ ಬಾಗಿಲುಗಳು ಸರಿಯಾಗಿ ಮುಚ್ಚುತ್ತಿವೆಯೇ ಎಂಬುದನ್ನು ಅವರು ಕೇಳುತ್ತಿರುತ್ತಾರೆ.